ಬ್ರೌಸರ್‌ನಲ್ಲಿ ಮೆಮೊರಿ ಲೀಕ್: ಯಾವ ಪ್ರಶ್ನೆಗೆ ಯಾವ ಟೂಲ್?

ಬೆಳಗ್ಗೆ ತೆರೆದಾಗ ಚುರುಕಾಗಿದ್ದ ಪುಟ ಮಧ್ಯಾಹ್ನದ ಹೊತ್ತಿಗೆ ತೆವಳತೊಡಗುತ್ತದೆ. ರಿಫ್ರೆಶ್ ಮಾಡಿದರೆ ಮತ್ತೆ ಮೊದಲಿನಂತೆ ಓಡುತ್ತದೆ. ಇಂಥ ದೂರು ಬಂದರೆ ಮೆಮೊರಿ ಲೀಕ್ ಮೇಲೆ, ಅಂದರೆ ಕೆಲಸ ಮುಗಿದರೂ ಬಿಡುಗಡೆಯಾಗದೆ ಉಳಿದ ಮೆಮೊರಿ ಮೇಲೆ, ಅನುಮಾನ ಬರುವುದು ಸಹಜ. ಕೂಡಲೇ ಕ್ರೋಮ್‌ನಲ್ಲೇ ಇರುವ ಡೆವಲಪರ್ ಟೂಲ್‌ಗಳಾದ ಡೆವ್‌ಟೂಲ್ಸ್ ತೆರೆದು ಒಂದು ಹೀಪ್ ಸ್ನ್ಯಾಪ್‌ಶಾಟ್ (ಆಬ್ಜೆಕ್ಟ್‌ಗಳಿರುವ ಮೆಮೊರಿಯ ಆ ಕ್ಷಣದ ಚಿತ್ರ) ತೆಗೆಯುತ್ತೇವೆ. ಲಕ್ಷಗಟ್ಟಲೆ ಆಬ್ಜೆಕ್ಟ್‌ಗಳ ಪಟ್ಟಿ ಬರುತ್ತದೆ. ಎಲ್ಲಿಂದ ಶುರು ಮಾಡುವುದು ಅಂತ ತಿಳಿಯದೆ ಹಾಗೇ ಮುಚ್ಚಿಬಿಡುತ್ತೇವೆ.

ಇದಕ್ಕೆ ಟೂಲ್ ಅನ್ನು ದೂರಿ ಪ್ರಯೋಜನವಿಲ್ಲ. ಮೊದಲ ಪ್ರಶ್ನೆಗೆ ಉತ್ತರ ಸಿಗುವ ಮುಂಚೆಯೇ ಮೂರನೆಯದಕ್ಕೆ ಕೈಹಾಕಿರುತ್ತೇವೆ. ಲೀಕ್ ನಿಜಕ್ಕೂ ಇದೆಯಾ? ಇದ್ದರೆ ಯಾವ ಆಬ್ಜೆಕ್ಟ್ ಉಳಿದುಕೊಳ್ಳುತ್ತಿದೆ? ಅದನ್ನು ಹಿಡಿದುಕೊಂಡಿರುವುದು ಯಾರು? ಈ ಮೂರಕ್ಕೂ ಬೇರೆ ಬೇರೆ ಟೂಲ್ ಬೇಕು. ಯಾವುದನ್ನು ಯಾವಾಗ ಎತ್ತಿಕೊಳ್ಳಬೇಕು ಅನ್ನುವುದನ್ನು ನಾನು ದಿನವೂ ಕೆಲಸ ಮಾಡುವ ಕ್ರಮದಲ್ಲೇ ಹೇಳುತ್ತೇನೆ.

ಒಂದು ಮಾತು ಮೊದಲೇ ಮನಸ್ಸಿನಲ್ಲಿರಲಿ. ಜಾವಾಸ್ಕ್ರಿಪ್ಟ್‌ನ ಗಾರ್ಬೇಜ್ ಕಲೆಕ್ಟರ್‌ಗೆ ನಿಮ್ಮ ಮನಸ್ಸಿನಲ್ಲಿ ಏನಿದೆ ಅಂತ ಗೊತ್ತಾಗುವುದಿಲ್ಲ. ವಿಂಡೋ ಅನ್ನುವ ಪುಟದ ಮೂಲ ಆಬ್ಜೆಕ್ಟ್‌ನಂಥ ಬೇರುಗಳಿಂದ ಹೊರಟು, ಒಂದಲ್ಲ ಒಂದು ದಾರಿಯಲ್ಲಿ ತಲುಪಬಹುದಾದ ಆಬ್ಜೆಕ್ಟ್‌ಗಳನ್ನೆಲ್ಲ ಅದು ಉಳಿಸಿಕೊಳ್ಳುತ್ತದೆ. ಉಳಿದದ್ದನ್ನು ಗುಡಿಸಿಹಾಕುತ್ತದೆ. ನಮಗೆ ಕೆಲಸ ಮುಗಿದ ಆಬ್ಜೆಕ್ಟ್‌ಗೆ ಇನ್ನೂ ಒಂದು ದಾರಿ ಉಳಿದಿದ್ದರೆ ಅದೇ ಲೀಕ್. ಆ ದಾರಿ ಯಾವುದು ಅಂತ ಗೊತ್ತಾಗುವವರೆಗೆ ಹುಡುಕಾಟ ಮುಗಿದಂತಲ್ಲ.

ಏಳು ಸಲ ಮಾಡಿ ನೋಡಿ

ಯಾವ ಟೂಲ್ ಆರಿಸಿದರೂ ಅದಕ್ಕೆ ಮುಂಚೆ ಮಾಡುವ ಕೆಲಸ ಒಂದೇ. ಶುರು ಮಾಡಿದ ಜಾಗಕ್ಕೇ ವಾಪಸ್ ಬರುವ ಒಂದು ಕ್ರಿಯೆ ಆರಿಸಿಕೊಳ್ಳಿ. ಡಯಲಾಗ್ ತೆರೆದು ಮುಚ್ಚುವುದು, ಇನ್ನೊಂದು ಪುಟಕ್ಕೆ ಹೋಗಿ ಹಿಂದಕ್ಕೆ ಬರುವುದು, ಹೀಗೆ. ಎರಡು ಸಲ ಸುಮ್ನೆ ಮಾಡಿ, ಯಾಕಂದರೆ ಮೊದಲ ಸಲ ಹೊಸ ಕೋಡ್ ಲೋಡ್ ಆಗುತ್ತದೆ, ಕ್ಯಾಶ್ ತುಂಬುತ್ತದೆ. ಅದು ಲೀಕ್ ಅಲ್ಲ. ಆಮೇಲೆ ಅದೇ ಕ್ರಿಯೆಯನ್ನು ಸರಿಯಾಗಿ ಏಳು ಸಲ ಮಾಡಿ.

ಏಳೇ ಯಾಕೆ? ಐದು, ಹತ್ತು, ನೂರು ಇಂಥ ಸಂಖ್ಯೆಗಳು ಪುಟದಲ್ಲಿ ಬೇರೆ ಕಾರಣಕ್ಕೂ ಕಾಣಿಸುತ್ತವೆ. ಏಳು ಅವಿಭಾಜ್ಯ ಸಂಖ್ಯೆ. ಯಾವುದೋ ಕ್ಲಾಸ್‌ನ ಆಬ್ಜೆಕ್ಟ್‌ಗಳು ಸರಿಯಾಗಿ 7, 14 ಅಥವಾ 21 ಹೆಚ್ಚಾಗಿದ್ದರೆ ಅದು ಆಕಸ್ಮಿಕವಾಗಿರುವ ಸಾಧ್ಯತೆ ಕಡಿಮೆ. ಮೆಗಾಬೈಟ್ ನೋಡಿ ಲೀಕ್ ಹಿಡಿಯುವುದಕ್ಕಿಂತ ಎಣಿಕೆ ನೋಡಿ ಹಿಡಿಯುವುದು ಎಷ್ಟೋ ಸುಲಭ.

ಇನ್ನು ಚಿಕ್ಕ ಎಚ್ಚರಿಕೆಗಳು. ಎಕ್ಸ್‌ಟೆನ್ಷನ್‌ಗಳು ನಡುವೆ ಬಾರದಂತೆ ಇನ್‌ಕಾಗ್ನಿಟೋ ವಿಂಡೋ ಬಳಸಿ. ಕನ್ಸೋಲ್‌ನಲ್ಲಿ ಲಾಗ್ ಮಾಡಿದ ಆಬ್ಜೆಕ್ಟ್ ಅನ್ನು ಡೆವ್‌ಟೂಲ್ಸ್ ತೆರೆದಿರುವಷ್ಟು ಹೊತ್ತು ಕನ್ಸೋಲೇ ಹಿಡಿದುಕೊಂಡಿರುತ್ತದೆ, ಹಾಗಾಗಿ ಲಾಗ್‌ಗಳನ್ನು ತೆಗೆಯಿರಿ, ಇಲ್ಲವೇ ಕನ್ಸೋಲ್ ಖಾಲಿ ಮಾಡಿ. ಎಲಿಮೆಂಟ್ಸ್ ಪ್ಯಾನೆಲ್‌ನಲ್ಲಿ ಆರಿಸಿಟ್ಟ ನೋಡ್ (ಪುಟದ ಒಂದು ಅಂಶ) ಕೂಡ ಹಾಗೆಯೇ ಉಳಿಯಬಹುದು. ಮಿನಿಫೈ ಆದ, ಅಂದರೆ ಗಾತ್ರ ಇಳಿಸಲು ಕುಗ್ಗಿಸಿದ ಕೋಡ್‌ನಲ್ಲಿ ಕ್ಲಾಸ್ ಹೆಸರುಗಳು ಒಂದೊಂದು ಅಕ್ಷರವಾಗಿರುತ್ತವೆ, ಅದರಲ್ಲಿ ಹುಡುಕುವುದು ವ್ಯರ್ಥ ಶ್ರಮ. ಪ್ರೊಡಕ್ಷನ್ ಬಿಲ್ಡ್ ಅನ್ನೇ ತೆಗೆದುಕೊಂಡು, ಹೆಸರುಗಳನ್ನು ಮಾತ್ರ ಉಳಿಸಿಕೊಳ್ಳುವಂತೆ ಬಿಲ್ಡ್ ಮಾಡಿದರೆ ಅತ್ಯುತ್ತಮ. ಡೆವಲಪ್‌ಮೆಂಟ್ ಬಿಲ್ಡ್‌ನಲ್ಲಿ ಫ್ರೇಮ್‌ವರ್ಕ್ ತನ್ನ ಅನುಕೂಲಕ್ಕೆ ಇಟ್ಟುಕೊಂಡ ಆಬ್ಜೆಕ್ಟ್‌ಗಳು ದಾರಿ ತಪ್ಪಿಸುತ್ತವೆ.

ಲೀಕ್ ಇದೆಯಾ, ಇಲ್ವಾ?

ಇಲ್ಲಿ ಆಯ್ಕೆ ಮೂರು. ಕ್ರೋಮ್‌ನದೇ ಟಾಸ್ಕ್ ಮ್ಯಾನೇಜರ್, ಪರ್ಫಾರ್ಮೆನ್ಸ್ ಮಾನಿಟರ್, ಮತ್ತು ಪರ್ಫಾರ್ಮೆನ್ಸ್ ಪ್ಯಾನೆಲ್‌ನ ರೆಕಾರ್ಡಿಂಗ್.

ವಿಂಡೋಸ್ ಮತ್ತು ಲಿನಕ್ಸ್‌ನಲ್ಲಿ ಶಿಫ್ಟ್ ಜೊತೆ ಎಸ್ಕೇಪ್ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರ ಜಾವಾಸ್ಕ್ರಿಪ್ಟ್ ಮೆಮೊರಿ ಕಾಲಂ ಅನ್ನು ಕಾಣಿಸುವಂತೆ ಮಾಡಿಕೊಳ್ಳಿ. ಅದರಲ್ಲಿ ಎರಡು ಅಂಕಿ ಇರುತ್ತವೆ. ಬ್ರ್ಯಾಕೆಟ್‌ನಲ್ಲಿ ಇರುವುದು ನಿಜಕ್ಕೂ ಬಳಕೆಯಲ್ಲಿರುವ ಆಬ್ಜೆಕ್ಟ್‌ಗಳ ಗಾತ್ರ. ಅದನ್ನೇ ನೋಡಿ. ಪಕ್ಕದ ಮೆಮೊರಿ ಫುಟ್‌ಪ್ರಿಂಟ್ ಕಾಲಂ ಇಡೀ ಪ್ರೋಸೆಸ್‌ನ ಲೆಕ್ಕ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವುದರಿಂದ ಒಂದು ಲಾಭ ಇದೆ, ಅದನ್ನು ಕೆಳಗೆ ಹೇಳುತ್ತೇನೆ.

ಪರ್ಫಾರ್ಮೆನ್ಸ್ ಮಾನಿಟರ್ ನನಗೆ ತುಂಬ ಹಿಡಿಸಿದ ಟೂಲ್. ಡೆವ್‌ಟೂಲ್ಸ್‌ನ ಕಮಾಂಡ್ ಮೆನುವಿನಲ್ಲಿ ಹೆಸರು ಟೈಪ್ ಮಾಡಿದರೆ ಸಿಗುತ್ತದೆ. ಹೀಪ್ ಗಾತ್ರ, ಡಾಮ್ (ಪುಟದ ಅಂಶಗಳ ಮರ) ನೋಡ್‌ಗಳ ಸಂಖ್ಯೆ, ಈವೆಂಟ್ ಲಿಸನರ್‌ಗಳ (ಕ್ಲಿಕ್‌ನಂಥ ಘಟನೆಗೆ ಕಾದಿರುವ ಫಂಕ್ಷನ್‌ಗಳ) ಸಂಖ್ಯೆ ಎಲ್ಲವೂ ಕಣ್ಣೆದುರೇ ಓಡುತ್ತಿರುತ್ತವೆ. ಡಯಲಾಗ್ ಮುಚ್ಚಿದ ಮೇಲೂ ಲಿಸನರ್ ಸಂಖ್ಯೆ ಪ್ರತಿ ಸಲ ಮೂರು ಮೂರು ಏರುತ್ತಿದ್ದರೆ ಅರ್ಧ ಉತ್ತರ ಅಲ್ಲೇ ಸಿಕ್ಕಂತೆ. ಯಾವುದನ್ನೂ ರೆಕಾರ್ಡ್ ಮಾಡಬೇಕಿಲ್ಲ.

ಮೆಮೊರಿ ಚೆಕ್‌ಬಾಕ್ಸ್ ಹಾಕಿ ಪರ್ಫಾರ್ಮೆನ್ಸ್ ರೆಕಾರ್ಡಿಂಗ್ ಮಾಡಿದರೆ ಇದೇ ಅಂಕಿಗಳು ಗ್ರಾಫ್ ಆಗಿ ಸಿಗುತ್ತವೆ. ಹೀಪ್‌ನ ಗೆರೆ ಗರಗಸದ ಹಲ್ಲಿನಂತೆ ಏರಿ ಇಳಿಯುತ್ತದೆ. ಏರುವುದನ್ನು ನೋಡಿ ಗಾಬರಿಯಾಗಬೇಡಿ. ಗಾರ್ಬೇಜ್ ಕಲೆಕ್ಷನ್ ಆದ ಮೇಲಿನ ತಳದ ಬಿಂದುಗಳನ್ನು ಮಾತ್ರ ನೋಡಿ. ಆ ತಳವೇ ಪ್ರತಿ ಸಲ ಮೇಲೇರುತ್ತಿದ್ದರೆ ಲೀಕ್ ಇದೆ. ರೆಕಾರ್ಡಿಂಗ್‌ನ ಮೊದಲಲ್ಲೂ ಕೊನೆಯಲ್ಲೂ ಗಾರ್ಬೇಜ್ ಕಲೆಕ್ಷನ್ ಬಟನ್ ಒತ್ತಿದರೆ ಹೋಲಿಕೆ ಸ್ಪಷ್ಟವಾಗುತ್ತದೆ. ಯಾವ ಕ್ಲಿಕ್‌ನಿಂದ ಏರಿಕೆ ಶುರುವಾಯಿತು ಅಂತ ಗೊತ್ತಿಲ್ಲದಿದ್ದಾಗ ಇದು ಉಪಯೋಗ. ಅದು ಗೊತ್ತಿದ್ದರೆ ಮಾನಿಟರ್ ಸಾಕು.

ಉಳಿಯುತ್ತಿರುವುದು ಏನು?

ಮೆಮೊರಿ ಪ್ಯಾನೆಲ್‌ಗೆ ಹೋಗಬೇಕಾದ್ದು ಈಗ. ಇಲ್ಲಿ ನಾಲ್ಕು ಆಯ್ಕೆ ಕಾಣಿಸುತ್ತವೆ. ಬಹಳಷ್ಟು ಜನ ಗೊಂದಲಕ್ಕೆ ಬೀಳುವುದು ಇಲ್ಲೇ.

ಒಂದನ್ನೇ ಕಲಿಯಲು ಹೊತ್ತಿದ್ದರೆ ಹೀಪ್ ಸ್ನ್ಯಾಪ್‌ಶಾಟ್ ಕಲಿಯಿರಿ. ಆದರೆ ಒಂದೇ ಸ್ನ್ಯಾಪ್‌ಶಾಟ್ ತೆಗೆದು ಅದನ್ನೇ ದಿಟ್ಟಿಸಬೇಡಿ. ಏಳು ಸಲದ ಮುಂಚೆ ಒಂದು, ಆಮೇಲೆ ಒಂದು ತೆಗೆದು, ಎರಡನೆಯದರಲ್ಲಿ ಕಂಪ್ಯಾರಿಸನ್ ನೋಟ ಆರಿಸಿ. ಸ್ನ್ಯಾಪ್‌ಶಾಟ್ ತೆಗೆಯುವಾಗ ಕ್ರೋಮ್ ತಾನೇ ಗಾರ್ಬೇಜ್ ಕಲೆಕ್ಷನ್ ಮಾಡುತ್ತದೆ, ಹಾಗಾಗಿ ಕಸದ ಲೆಕ್ಕ ಅದರಲ್ಲಿ ಸೇರುವುದಿಲ್ಲ.

ನಾನು ಕೆಲಸ ಮಾಡಿದ ಒಂದು ಡ್ಯಾಶ್‌ಬೋರ್ಡ್ ಉದಾಹರಣೆ ಹೇಳುತ್ತೇನೆ. ದಿನವಿಡೀ ತೆರೆದೇ ಇರುವ ಪುಟ. ಸಾಲಿನ ಮೇಲೆ ಕ್ಲಿಕ್ ಮಾಡಿದರೆ ಡಯಲಾಗ್‌ನಲ್ಲಿ ಒಂದು ಚಾರ್ಟ್ ಬರುತ್ತಿತ್ತು. ಏಳು ಸಲ ತೆರೆದು ಮುಚ್ಚಿ ಹೋಲಿಸಿದಾಗ ಮೇಲಿನ ಸಾಲುಗಳಲ್ಲೆಲ್ಲ ಸ್ಟ್ರಿಂಗ್, ಅರೇ, ಸಿಸ್ಟಂ ಆಬ್ಜೆಕ್ಟ್‌ಗಳೇ ತುಂಬಿದ್ದವು. ಅವುಗಳ ಗೋಜಿಗೆ ಹೋಗಲಿಲ್ಲ. ಡೆಲ್ಟಾ ಕಾಲಂನಲ್ಲಿ ಕಣ್ಣಾಡಿಸುತ್ತಾ ಕೆಳಗಿಳಿದಾಗ ಚಾರ್ಟ್‌ಪ್ಯಾನೆಲ್ ಅನ್ನುವ ನಮ್ಮದೇ ಕ್ಲಾಸ್ ಎದುರು +7 ಅಂತಿತ್ತು. ಹೊಸದು 7, ಅಳಿದದ್ದು 0. ಡಯಲಾಗ್ ಏಳು ಸಲ ಮುಚ್ಚಿದ್ದರೂ ಒಂದು ಚಾರ್ಟ್ ಕೂಡ ಹೋಗಿರಲಿಲ್ಲ.

ಇದೇ ಬಗೆಯ ಇನ್ನೊಂದು ವಿಧಾನ ಮೂರು ಸ್ನ್ಯಾಪ್‌ಶಾಟ್‌ಗಳದು. 2013ರ ಹೊತ್ತಿಗೆ ಜಿಮೇಲ್ ತಂಡ ತನ್ನ ಲೀಕ್‌ಗಳನ್ನು ಹುಡುಕಲು ಬಳಸಿ ಇದು ಹೆಚ್ಚು ಪ್ರಚಾರಕ್ಕೆ ಬಂತು. ಮೊದಲನೆಯದು ಶುರುವಿನಲ್ಲಿ, ಎರಡನೆಯದು ಕ್ರಿಯೆ ಆದ ಮೇಲೆ, ಮೂರನೆಯದು ಅದೇ ಕ್ರಿಯೆ ಇನ್ನೊಮ್ಮೆ ಆದ ಮೇಲೆ. ನಂತರ, ಒಂದು ಮತ್ತು ಎರಡರ ನಡುವೆ ಹುಟ್ಟಿ ಮೂರರಲ್ಲೂ ಇರುವ ಆಬ್ಜೆಕ್ಟ್‌ಗಳನ್ನು ಮಾತ್ರ ತೋರಿಸುವ ಫಿಲ್ಟರ್ ಹಾಕುವುದು. ಪುಟದಲ್ಲಿ ಹಿನ್ನೆಲೆಯಲ್ಲಿ ಏನಾದರೂ ಸದಾ ನಡೆಯುತ್ತಿದ್ದು ಎಣಿಕೆ ಸರಿಯಾಗಿ ಬಾರದಿದ್ದಾಗ ನಾನು ಇದಕ್ಕೆ ಹೋಗುತ್ತೇನೆ. ಉಳಿದಂತೆ ಎರಡು ಸ್ನ್ಯಾಪ್‌ಶಾಟ್ ಮತ್ತು ಏಳರ ಲೆಕ್ಕವೇ ಬೇಗ.

ಸ್ನ್ಯಾಪ್‌ಶಾಟ್‌ನ ದೊಡ್ಡ ತೊಂದರೆ ಭಾರ. ತೆಗೆಯುವಷ್ಟು ಹೊತ್ತು ಪುಟ ನಿಂತುಬಿಡುತ್ತದೆ. ಹೀಪ್ ದೊಡ್ಡದಿದ್ದರೆ ಕಾಯುವುದೂ ಜಾಸ್ತಿ. ಜೊತೆಗೆ, ಆಬ್ಜೆಕ್ಟ್ ಇದೆ ಅಂತ ಅದು ಹೇಳುತ್ತದೆಯೇ ಹೊರತು ಯಾವ ಸಾಲಿನಲ್ಲಿ ಹುಟ್ಟಿತು ಅಂತ ಹೇಳುವುದಿಲ್ಲ.

ಆ ಕೊರತೆಯನ್ನು ತುಂಬುವುದು ಅಲೊಕೇಷನ್ ಟೈಮ್‌ಲೈನ್. ರೆಕಾರ್ಡ್ ಮಾಡುತ್ತಿದ್ದಂತೆ ಮೇಲೆ ಕಂಬಗಳು ಏಳುತ್ತವೆ. ಕಂಬದ ನೀಲಿ ಭಾಗ ಇನ್ನೂ ಉಳಿದಿರುವ ಮೆಮೊರಿ, ಬೂದು ಭಾಗ ಆಗಲೇ ಬಿಡುಗಡೆಯಾದದ್ದು. ಡಯಲಾಗ್ ತೆರೆದಾಗ ಎದ್ದ ನೀಲಿ ಕಂಬ ಮುಚ್ಚಿದ ಮೇಲೂ ನೀಲಿಯಾಗೇ ಇದ್ದರೆ, ಆ ತುಣುಕನ್ನಷ್ಟೇ ಆರಿಸಿ ಒಳಗೆ ನೋಡಬಹುದು. ಸ್ಟ್ಯಾಕ್ ಟ್ರೇಸ್ ಆಯ್ಕೆಯನ್ನೂ ಹಾಕಿಕೊಂಡಿದ್ದರೆ ಆಬ್ಜೆಕ್ಟ್ ಹುಟ್ಟಿದ ಫಂಕ್ಷನ್ ಸಹ ಸಿಗುತ್ತದೆ. ಪುಟ ನಿಧಾನವಾಗುತ್ತದೆ ನಿಜ, ಅದಕ್ಕೇ ಇದನ್ನು ಅರ್ಧ ನಿಮಿಷಕ್ಕಿಂತ ಹೆಚ್ಚು ಓಡಿಸಲು ನಾನು ಹೋಗುವುದಿಲ್ಲ. ಕ್ಲಾಸ್ ಹೆಸರೇ ಇಲ್ಲದ ಸಾದಾ ಆಬ್ಜೆಕ್ಟ್ ಅಥವಾ ಅರೇ ಲೀಕ್ ಆಗುತ್ತಿರುವಾಗ ಸ್ನ್ಯಾಪ್‌ಶಾಟ್‌ಗಿಂತ ಇದು ಮೇಲು.

ಗಂಟೆಗಟ್ಟಲೆ ಓಡಿಸಿದರೆ ಮಾತ್ರ ಕಾಣುವ ಲೀಕ್‌ಗೆ ಅಲೊಕೇಷನ್ ಸ್ಯಾಂಪ್ಲಿಂಗ್ ಇದೆ. ಎಲ್ಲವನ್ನೂ ದಾಖಲಿಸದೆ ಮಾದರಿ ಎತ್ತಿಕೊಳ್ಳುವುದರಿಂದ ಭಾರ ಕಡಿಮೆ. ಯಾವ ಫಂಕ್ಷನ್ ಎಷ್ಟು ಮೆಮೊರಿ ತೆಗೆದುಕೊಂಡು ಇನ್ನೂ ಬಿಟ್ಟಿಲ್ಲ ಅಂತ ಅಂದಾಜು ಕೊಡುತ್ತದೆ. ಅಂದಾಜು ಮಾತ್ರ. ಚಿಕ್ಕ ಲೀಕ್ ಇದರ ಕಣ್ಣು ತಪ್ಪಿಸಿಕೊಳ್ಳಬಹುದು, ಹಿಡಿದವರು ಯಾರು ಅಂತಲೂ ಇದು ಹೇಳುವುದಿಲ್ಲ.

ನಾಲ್ಕನೆಯದು ಡಿಟ್ಯಾಚ್ಡ್ ಎಲಿಮೆಂಟ್ಸ್. ಪುಟದಿಂದ ಕಿತ್ತುಹಾಕಿದ್ದರೂ ಜಾವಾಸ್ಕ್ರಿಪ್ಟ್‌ನ ಯಾವುದೋ ವೇರಿಯಬಲ್ ಹಿಡಿದುಕೊಂಡಿರುವ ಡಾಮ್ ನೋಡ್‌ಗಳನ್ನು ಮಾತ್ರ ಎಚ್‌ಟಿಎಂಎಲ್ ರೂಪದಲ್ಲೇ ತೋರಿಸುತ್ತದೆ. ನಿಮ್ಮ ಪುಟದ ಯಾವ ಭಾಗ ಅಂತ ನೋಡಿದ ಕೂಡಲೇ ಗುರುತಾಗುತ್ತದೆ. ಒಂದು ಚಿಕ್ಕ ಬಟನ್ ಅನ್ನು ಹಿಡಿದುಕೊಂಡರೂ ಅದರ ಪೇರೆಂಟ್ ಮೂಲಕ ಆ ಇಡೀ ಮರವೇ ಉಳಿಯುತ್ತದೆ, ಹಾಗಾಗಿ ಪಟ್ಟಿ ಉದ್ದವಿದ್ದರೂ ತಪ್ಪು ಒಂದೇ ಕಡೆ ಇರಬಹುದು. ಮಾನಿಟರ್‌ನಲ್ಲಿ ನೋಡ್ ಸಂಖ್ಯೆ ಏರುತ್ತಿದ್ದದ್ದು ಕಂಡಿದ್ದರೆ ಇಲ್ಲಿಂದಲೇ ಶುರು ಮಾಡಿ. ಹಿಡಿದವರನ್ನು ಹುಡುಕಲು ಮಾತ್ರ ಮತ್ತೆ ಹೀಪ್ ಸ್ನ್ಯಾಪ್‌ಶಾಟ್‌ಗೇ ಬರಬೇಕು. ಅಲ್ಲಿನ ಫಿಲ್ಟರ್‌ನಲ್ಲಿ ಡಿಟ್ಯಾಚ್ಡ್ ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿದರೆ ಅವೇ ನೋಡ್‌ಗಳು ಸಿಗುತ್ತವೆ.

ಅನುಮಾನ ಯಾವ ಕ್ಲಾಸ್ ಮೇಲೆ ಅಂತ ಮೊದಲೇ ಗೊತ್ತಿದ್ದರೆ ಇಷ್ಟೆಲ್ಲ ಬೇಡ. ಕನ್ಸೋಲ್‌ನಲ್ಲಿ ಕ್ವೆರಿಆಬ್ಜೆಕ್ಟ್ಸ್ ಅನ್ನುವ ಫಂಕ್ಷನ್‌ಗೆ ಆ ಕ್ಲಾಸ್ ಕೊಡಿ. ಜೀವಂತ ಇರುವ ಅದರ ಆಬ್ಜೆಕ್ಟ್‌ಗಳೆಲ್ಲ ಒಂದು ಅರೇಯಲ್ಲಿ ಬರುತ್ತವೆ. ಎಣಿಸಿ ಮುಗಿದ ಮೇಲೆ ಕನ್ಸೋಲ್ ಖಾಲಿ ಮಾಡುವುದನ್ನು ಮರೆಯಬೇಡಿ.

ಹಿಡಿದವರು ಯಾರು?

ಇಲ್ಲಿ ಆಯ್ಕೆಯ ಪ್ರಶ್ನೆಯೇ ಇಲ್ಲ. ಸ್ನ್ಯಾಪ್‌ಶಾಟ್‌ನ ಕೆಳಭಾಗದ ರಿಟೇನರ್ಸ್ ಪಟ್ಟಿಯನ್ನು ಓದಲೇಬೇಕು. ಒಂದು ಆಬ್ಜೆಕ್ಟ್‌ನಿಂದ ಬೇರಿನವರೆಗೆ ಯಾರು ಯಾರನ್ನು ಹಿಡಿದಿದ್ದಾರೆ ಅನ್ನುವ ಸರಪಳಿ ಅದು. ಡಿಸ್ಟೆನ್ಸ್ ಅಂಕಿ ಕಡಿಮೆಯಾಗುತ್ತಾ ಹೋಗುವ ದಿಕ್ಕಿನಲ್ಲಿ ಹೋದರೆ ಬೇರಿಗೆ ಹತ್ತಿರದ ದಾರಿ ಸಿಗುತ್ತದೆ.

ನಮ್ಮ ಚಾರ್ಟ್‌ಪ್ಯಾನೆಲ್‌ನ ಒಂದು ಆಬ್ಜೆಕ್ಟ್ ಆರಿಸಿದಾಗ ಮೊದಲ ಸಾಲಿನಲ್ಲಿ ಬೌಂಡ್ ದಿಸ್ ಅಂತಿತ್ತು. ಅಂದರೆ ಬೈಂಡ್ ಮಾಡಿದ ಫಂಕ್ಷನ್ ಒಂದು ಇದನ್ನು ದಿಸ್ ಆಗಿ, ಅಂದರೆ ತಾನು ಯಾವ ಆಬ್ಜೆಕ್ಟ್ ಪರವಾಗಿ ಓಡಬೇಕೋ ಅದಾಗಿ, ಹಿಡಿದಿದೆ. ಅದರ ಮೇಲೆ ಈವೆಂಟ್ ಲಿಸನರ್. ಅದರ ಮೇಲೆ ವಿಂಡೋ. ಅಲ್ಲಿಗೆ ಸರಪಳಿ ಮುಗಿಯಿತು. ಕೋಡ್ ತೆರೆದು ನೋಡಿದರೆ, ತೆರೆಯುವಾಗ ವಿಂಡೋದ ರಿಸೈಜ್ ಈವೆಂಟ್‌ಗೆ ಲಿಸನರ್ ಸೇರಿಸಿದ್ದೆವು. ಮುಚ್ಚುವಾಗ ತೆಗೆದೂ ಇದ್ದೆವು! ಆದರೆ ಎರಡೂ ಕಡೆ ಅಲ್ಲಲ್ಲೇ ಬೈಂಡ್ ಕರೆದಿದ್ದೆವು. ಬೈಂಡ್ ಪ್ರತಿ ಸಲ ಹೊಸ ಫಂಕ್ಷನ್ ಕೊಡುತ್ತದೆ. ತೆಗೆಯಲು ಕೊಟ್ಟ ಫಂಕ್ಷನ್ ಸೇರಿಸಿದ್ದಕ್ಕಿಂತ ಬೇರೆಯೇ ಆಗಿತ್ತು, ಹಾಗಾಗಿ ಏನೂ ತೆಗೆಯಲಿಲ್ಲ. ಎರರ್ ಕೂಡ ಬರಲಿಲ್ಲ. ಕೋಡ್ ರಿವ್ಯೂನಲ್ಲಿ ಎಷ್ಟೇ ಓದಿದರೂ ಸರಿಯಾಗೇ ಇದೆ ಅನಿಸುವ ಇಂಥ ತಪ್ಪನ್ನು ರಿಟೇನರ್ಸ್ ಎರಡು ನಿಮಿಷದಲ್ಲಿ ತೋರಿಸಿತು. ಈಗ ಡಯಲಾಗ್‌ಗೆ ಒಂದು ಅಬಾರ್ಟ್‌ಕಂಟ್ರೋಲರ್ ಇಟ್ಟು, ಅದರ ಸಿಗ್ನಲ್ ಅನ್ನೇ ಎಲ್ಲ ಲಿಸನರ್‌ಗಳಿಗೂ ಕೊಡುತ್ತೇನೆ. ಮುಚ್ಚುವಾಗ ಒಮ್ಮೆ ಅಬಾರ್ಟ್ ಕರೆದರೆ ಎಲ್ಲ ಹೋಗುತ್ತವೆ.

ಸರಪಳಿಯಲ್ಲಿ ಕಾಂಟೆಕ್ಸ್ಟ್ ಅನ್ನುವ ಸಾಲು ಬಂದರೆ ಅದು ಕ್ಲೋಷರ್, ಅಂದರೆ ತಾನು ಹುಟ್ಟಿದ ಜಾಗದ ವೇರಿಯಬಲ್‌ಗಳನ್ನು ಹಿಡಿದಿಟ್ಟುಕೊಂಡ ಫಂಕ್ಷನ್. ಇಲ್ಲಿ ತಿಳಿದಿರಬೇಕಾದ ಒಂದು ಸೂಕ್ಷ್ಮ ಇದೆ. ಒಂದೇ ಸ್ಕೋಪ್‌ನಲ್ಲಿ ಹುಟ್ಟಿದ ಫಂಕ್ಷನ್‌ಗಳೆಲ್ಲ ಒಂದೇ ಕಾಂಟೆಕ್ಸ್ಟ್ ಹಂಚಿಕೊಳ್ಳುತ್ತವೆ. ಅವುಗಳಲ್ಲಿ ಒಂದು ದೊಡ್ಡ ಡೇಟಾವನ್ನು ಬಳಸುತ್ತದೆ, ಇನ್ನೊಂದು ಬರೀ ಒಂದು ಕೌಂಟರ್ ಬಳಸುತ್ತದೆ ಅಂದುಕೊಳ್ಳಿ. ಕೌಂಟರ್‌ನ ಫಂಕ್ಷನ್ ಅನ್ನು ಸೆಟ್‌ಇಂಟರ್ವಲ್‌ಗೆ ಕೊಟ್ಟು ನಿಲ್ಲಿಸದಿದ್ದರೆ, ಅದು ಮುಟ್ಟದೇ ಇರುವ ಆ ದೊಡ್ಡ ಡೇಟಾವೂ ಉಳಿಯುತ್ತದೆ. ಇಂಟರ್ವಲ್ ನಿಲ್ಲಿಸುವುದೇ ಸರಿಯಾದ ಪರಿಹಾರ. ಅದು ಆಗದಿದ್ದರೆ ಆ ಫಂಕ್ಷನ್ ಅನ್ನು ಬೇರೆ ಸ್ಕೋಪ್‌ಗೆ ಸರಿಸಿ.

ಮ್ಯಾಪ್‌ನಲ್ಲಿ ಕ್ಯಾಶ್ ಮಾಡಿ ಅಳಿಸದೇ ಬಿಡುವುದು, ಅಬ್ಸರ್ವರ್‌ಗಳನ್ನು ಡಿಸ್‌ಕನೆಕ್ಟ್ ಮಾಡದಿರುವುದು, ಸ್ಟೋರ್‌ಗೆ ಸಬ್‌ಸ್ಕ್ರೈಬ್ ಆಗಿ ಹಿಂತೆಗೆಯದಿರುವುದು, ಇವೆಲ್ಲ ಇದೇ ಸರಪಳಿಯಲ್ಲಿ ಸಿಕ್ಕಿಬೀಳುತ್ತವೆ. ಆಬ್ಜೆಕ್ಟ್‌ಗೆ ಅಂಟಿಕೊಂಡ ಹೆಚ್ಚುವರಿ ಮಾಹಿತಿ ಇಡಲು ಮ್ಯಾಪ್ ಬದಲು, ಕೀ ಆದ ಆಬ್ಜೆಕ್ಟ್ ಅನ್ನು ಹಿಡಿದಿಡದ ವೀಕ್‌ಮ್ಯಾಪ್ ಬಳಸಿದರೆ ಮೊದಲು ಹೇಳಿದ ಕ್ಯಾಶ್‌ನ ಲೀಕ್ ಹುಟ್ಟುವುದೇ ಇಲ್ಲ.

ಹೀಪ್‌ನಲ್ಲಿ ಕಾಣದ ಲೀಕ್

ಟಾಸ್ಕ್ ಮ್ಯಾನೇಜರ್‌ನ ಎರಡು ಕಾಲಂ ಬಗ್ಗೆ ಹೇಳಿದ್ದೆ ಅಲ್ವಾ? ಫುಟ್‌ಪ್ರಿಂಟ್ ಏರುತ್ತಿದೆ, ಆದರೆ ಜಾವಾಸ್ಕ್ರಿಪ್ಟ್ ಮೆಮೊರಿ ಸುಮಾರಾಗಿ ಅಷ್ಟೇ ಇದೆ ಅಂದರೆ ಸ್ನ್ಯಾಪ್‌ಶಾಟ್ ಕೆದಕುವುದರಿಂದ ಹೆಚ್ಚು ಸಿಗುವುದಿಲ್ಲ. ಚಿತ್ರಗಳು, ಕ್ಯಾನ್ವಾಸ್, ಬ್ಲಾಬ್ (ಫೈಲ್‌ನಂಥ ಕಚ್ಚಾ ಡೇಟಾ) ಇವುಗಳ ಭಾರ ಹೆಚ್ಚಾಗಿ ಹೀಪ್‌ನ ಹೊರಗಿರುತ್ತದೆ. ಮೊದಲು ನೋಡಬೇಕಾದದ್ದು ಬ್ಲಾಬ್ ಯುಆರ್‌ಎಲ್. ಕ್ರಿಯೇಟ್‌ಆಬ್ಜೆಕ್ಟ್‌ಯುಆರ್‌ಎಲ್ ಕರೆದ ಪ್ರತಿ ಜಾಗದಲ್ಲೂ ಅದನ್ನು ರಿವೋಕ್ ಮಾಡುವ ಕರೆ ಇದೆಯಾ ಅಂತ ಕೋಡ್‌ನಲ್ಲೇ ಹುಡುಕಿ. ರಿವೋಕ್ ಮಾಡದಿದ್ದರೆ ಪುಟ ಮುಚ್ಚುವವರೆಗೂ ಆ ಬ್ಲಾಬ್ ಉಳಿಯುತ್ತದೆ.

ಈ ವಿಷಯದಲ್ಲಿ ಸಫಾರಿಯ ವೆಬ್ ಇನ್‌ಸ್ಪೆಕ್ಟರ್ ಚೆನ್ನಾಗಿದೆ. ಅದರ ಮೆಮೊರಿ ಟೈಮ್‌ಲೈನ್ ಜಾವಾಸ್ಕ್ರಿಪ್ಟ್, ಚಿತ್ರ, ಲೇಯರ್, ಪುಟ ಅಂತ ಬೇರೆ ಬೇರೆ ಮಾಡಿ ತೋರಿಸುತ್ತದೆ. ಐಫೋನ್‌ನಲ್ಲಿ ಮಾತ್ರ ಪುಟ ತಾನಾಗೇ ರೀಲೋಡ್ ಆಗುತ್ತಿದೆ ಅಂದರೆ, ಫೋನನ್ನು ಮ್ಯಾಕ್‌ಗೆ ಜೋಡಿಸಿ ಇದರಲ್ಲೇ ನೋಡಿ. ಫೈರ್‌ಫಾಕ್ಸ್‌ನ ಮೆಮೊರಿ ಟೂಲ್‌ನಲ್ಲಿ ಟ್ರೀ ಮ್ಯಾಪ್ ಮತ್ತು ಡಾಮಿನೇಟರ್ಸ್ ನೋಟ ಇವೆ. ದೊಡ್ಡ ಗಾತ್ರ ಎಲ್ಲಿ ಕೂತಿದೆ ಅಂತ ಒಂದೇ ನೋಟಕ್ಕೆ ಕಾಣಿಸುತ್ತದೆ. ಆದರೂ ಲೀಕ್ ಎಲ್ಲ ಬ್ರೌಸರ್‌ನಲ್ಲೂ ಇದ್ದರೆ ಕ್ರೋಮ್‌ನಲ್ಲೇ ಹುಡುಕಿ, ಕೆಲಸ ಬೇಗ ಮುಗಿಯುತ್ತದೆ.

ಫ್ವೀಟ್ ಅಥವಾ ಮೆಮ್‌ಲ್ಯಾಬ್

ಲೀಕ್ ಸರಿಪಡಿಸಿದ ಮೇಲೆ ಅದು ಮತ್ತೆ ನುಸುಳದಂತೆ ಕಾಯುವುದು ಕೈಯಿಂದ ಆಗುವ ಕೆಲಸ ಅಲ್ಲ. ಇದಕ್ಕೆ ಎರಡು ಮುಕ್ತ ತಂತ್ರಾಂಶಗಳಿವೆ. ಎರಡೂ ಹಿನ್ನೆಲೆಯಲ್ಲಿ ಕ್ರೋಮ್ ಅನ್ನು ಓಡಿಸುತ್ತವೆ.

ಫ್ವೀಟ್‌ಗೆ ಪುಟದ ವಿಳಾಸ ಕೊಟ್ಟರೆ ಸಾಕು. ಪುಟದಲ್ಲಿರುವ ಅದೇ ಸೈಟ್‌ನ ಲಿಂಕ್‌ಗಳನ್ನು ಒಂದೊಂದಾಗಿ ಒತ್ತಿ, ಹಿಂದಕ್ಕೆ ಬಂದು, ಇದನ್ನೇ ಏಳು ಸಲ ಮಾಡುತ್ತದೆ. ಮೇಲೆ ಹೇಳಿದ ಏಳರ ಲೆಕ್ಕವನ್ನು ನಾನು ಕಲಿತದ್ದು ಇದರಿಂದಲೇ. ಆಬ್ಜೆಕ್ಟ್, ಲಿಸನರ್, ಡಾಮ್ ನೋಡ್‌ಗಳ ಜೊತೆಗೆ ಬೆಳೆಯುತ್ತಲೇ ಇರುವ ಅರೇ, ಮ್ಯಾಪ್‌ಗಳನ್ನೂ ಹೆಸರಿಸುತ್ತದೆ. ಸಿಂಗಲ್ ಪೇಜ್ ಅಪ್ಲಿಕೇಶನ್‌ನಲ್ಲಿ (ಇಡೀ ಪುಟ ಮತ್ತೆ ಲೋಡ್ ಆಗದೆ ಒಳಗಿನ ಭಾಗ ಮಾತ್ರ ಬದಲಾಗುವ ಸೈಟ್‌ನಲ್ಲಿ) ಲೀಕ್ ಇದೆಯಾ ಅಂತ ಹತ್ತು ನಿಮಿಷದಲ್ಲಿ ತಿಳಿಯಬೇಕಾದರೆ ಇದೇ ಸರಿ.

ಮೆಮ್‌ಲ್ಯಾಬ್ ಅನ್ನು ಮೆಟಾ 2022ರಲ್ಲಿ ಹೊರಬಿಟ್ಟಿತು. ಇದಕ್ಕೆ ಯಾವ ಪುಟ, ಯಾವ ಕ್ರಿಯೆ, ವಾಪಸ್ ಬರುವುದು ಹೇಗೆ ಅಂತ ಒಂದು ಚಿಕ್ಕ ಸ್ಕ್ರಿಪ್ಟ್ ಬರೆದುಕೊಡಬೇಕು. ಕ್ರಿಯೆಯಲ್ಲಿ ಹುಟ್ಟಿ, ವಾಪಸ್ ಬಂದ ಮೇಲೂ ಉಳಿದವುಗಳನ್ನು ಹುಡುಕಿ, ಒಂದೇ ಬಗೆಯ ರಿಟೇನರ್ ಸರಪಳಿಗಳನ್ನು ಗುಂಪು ಮಾಡಿ ಕೊಡುತ್ತದೆ. ಸಾವಿರ ಆಬ್ಜೆಕ್ಟ್‌ಗಳ ಹಿಂದೆ ಇರುವ ಮೂರು ಕಾರಣಗಳು ಮೂರಾಗಿಯೇ ಕಾಣಿಸುತ್ತವೆ. ದೊಡ್ಡ ಕೋಡ್‌ಬೇಸ್ ಇದ್ದು, ಪ್ರತಿ ಬಿಲ್ಡ್‌ನಲ್ಲೂ ಪರೀಕ್ಷೆ ಓಡಿಸುವ ತಂಡಕ್ಕೆ ನಾನು ಇದನ್ನೇ ಹೇಳುತ್ತೇನೆ.

ಬಳಕೆದಾರರ ಬ್ರೌಸರ್‌ನಿಂದ ಅಳೆಯುವುದು

ನಮ್ಮಲ್ಲಿ ಕಾಣದ ಲೀಕ್ ಬಳಕೆದಾರರಲ್ಲಿ ಇದ್ದರೆ ಅಲ್ಲಿಂದಲೇ ಅಂಕಿ ತರಿಸಬೇಕು. ಹಳೆಯ ಪರ್ಫಾರ್ಮೆನ್ಸ್ ಡಾಟ್ ಮೆಮೊರಿ ಸುಲಭ, ಆದರೆ ಅದು ಯಾವ ಸ್ಟ್ಯಾಂಡರ್ಡ್‌ನಲ್ಲೂ ಇಲ್ಲ, ಕ್ರೋಮಿಯಂ ಬ್ರೌಸರ್‌ಗಳಲ್ಲಿ ಮಾತ್ರ ಸಿಗುತ್ತದೆ, ಅಂಕಿಯೂ ಒರಟು. ಅದರ ಬದಲಿಗೆ ಕ್ರೋಮ್ 89ರಿಂದ ಮೆಷರ್‌ಯೂಸರ್‌ಏಜೆಂಟ್‌ಸ್ಪೆಸಿಫಿಕ್‌ಮೆಮೊರಿ ಅನ್ನುವ ಉದ್ದ ಹೆಸರಿನ ಫಂಕ್ಷನ್ ಬಂದಿದೆ. ಐಫ್ರೇಮ್ ಮತ್ತು ವರ್ಕರ್‌ಗಳ ಲೆಕ್ಕವನ್ನೂ ಸೇರಿಸುತ್ತದೆ. ಗಾರ್ಬೇಜ್ ಕಲೆಕ್ಷನ್‌ಗೆ ಕಾದು ಉತ್ತರ ಕೊಡುವುದರಿಂದ ಉತ್ತರ ತಡವಾಗಿ ಬರುತ್ತದೆ, ಆದರೆ ನಂಬಬಹುದು. ಇದಕ್ಕೆ ಪುಟ ಕ್ರಾಸ್ ಒರಿಜಿನ್ ಐಸೊಲೇಟೆಡ್ (ಬೇರೆ ಸೈಟ್‌ಗಳಿಂದ ಪ್ರತ್ಯೇಕಿಸಿದ್ದು) ಆಗಿರಬೇಕು, ಅಂದರೆ ಸರ್ವರ್‌ನಿಂದ ಎರಡು ಹೆಡರ್ ಕಳಿಸಬೇಕು. ಹೊರಗಿನ ಸ್ಕ್ರಿಪ್ಟ್, ಐಫ್ರೇಮ್ ಹೆಚ್ಚಿರುವ ಪುಟದಲ್ಲಿ ಆ ಹೆಡರ್ ಹಾಕಿದರೆ ಏನಾದರೂ ಮುರಿಯಬಹುದು. ಅಂಥ ಪುಟಕ್ಕೆ ಹಳೆಯದೇ ಗತಿ. ಒಬ್ಬೊಬ್ಬರ ಅಂಕಿ ನೋಡದೆ, ವಾರದಿಂದ ವಾರಕ್ಕೆ ಎಲ್ಲರ ಅಂಕಿ ಒಟ್ಟಾಗಿ ಯಾವ ಕಡೆ ಹೋಗುತ್ತಿದೆ ಅಂತ ನೋಡಿ.

ಬಳಕೆದಾರರಿಂದ ಅಥವಾ ಸಹೋದ್ಯೋಗಿಯಿಂದ ಸ್ನ್ಯಾಪ್‌ಶಾಟ್ ಫೈಲ್ ತರಿಸಿಕೊಳ್ಳುವ ದಾರಿಯೂ ಇದೆ, ಡೆವ್‌ಟೂಲ್ಸ್‌ನಲ್ಲಿ ಸೇವ್ ಮಾಡಿ ಕಳಿಸಿದರೆ ನೀವು ತೆರೆಯಬಹುದು. ಆದರೆ ಆ ಫೈಲ್‌ನಲ್ಲಿ ಪುಟದ ಸ್ಟ್ರಿಂಗ್‌ಗಳೆಲ್ಲ ಓದುವಂತೆಯೇ ಇರುತ್ತವೆ. ಟೋಕನ್, ಹೆಸರು, ಫಾರ್ಮ್‌ನಲ್ಲಿ ಟೈಪ್ ಮಾಡಿದ ಪಾಸ್‌ವರ್ಡ್ ಸಹ ಇರಬಹುದು. ಅಸಲಿ ಖಾತೆಯಿಂದ ತೆಗೆದ ಸ್ನ್ಯಾಪ್‌ಶಾಟ್ ಅನ್ನು ಬಗ್ ಟಿಕೆಟ್‌ಗೆ ಅಂಟಿಸಲು ಹೇಳಬೇಡಿ. ಒಂದು ಪರೀಕ್ಷಾ ಖಾತೆ ಮಾಡಿಕೊಟ್ಟು, ಅದರಲ್ಲಿ ಏಳು ಸಲ ಮಾಡಿ ತೆಗೆದು ಕಳಿಸಲು ಹೇಳಿ.